ಅಲಾವಾದ ಅರಸರ ಪಟ್ಟಿಗಿಂತ ಮೊದಲು ಅದರ ಹೊಳೆಗಳನ್ನು ಓದಿ

ಸ್ಪೇನಿನ ಬಾಸ್ಕ್ ನಾಡಿನ ಅಲಾವಾ ಪ್ರಾಂತ್ಯದ ಮಧ್ಯಯುಗದ ಅರಸರ ಪಟ್ಟಿಯನ್ನು ಮೊದಲು ಬಾಯಿಪಾಠ ಮಾಡಿ, ಭೂಗೋಳ ಆಮೇಲೆ ನೋಡಿಕೊಂಡರೆ ನಡೆಯುತ್ತದಾ ಎಂದು ಕೇಳಿದ್ದೀರಿ. ನಡೆಯುವುದಿಲ್ಲ. ನಾನೂ ಹಾಗೇ ಶುರು ಮಾಡಿದ್ದವನು. ಅಸಲಿಗೆ ಅಲಾವಾಕ್ಕೆ ತನ್ನದೇ ಅರಸ ಅಂತ ಯಾರೂ ಇರಲಿಲ್ಲ. ಇದ್ದವರು ಕೌಂಟ್‌ಗಳು, ಪಾಳೆಯಗಾರರು. ಅವರ ಮೇಲೆ ಒಮ್ಮೆ ಪಕ್ಕದ ನವಾರ್ರಾ ರಾಜ್ಯದ ದೊರೆ, ಇನ್ನೊಮ್ಮೆ ಕ್ಯಾಸ್ಟೀಲ್ ರಾಜ್ಯದ ದೊರೆ.

ನನ್ನನ್ನು ಕೆಡಿಸಿದ್ದು ಒಂದೇ ತಪ್ಪು. ಇವತ್ತಿನ ಗಡಿಯಿರುವ ನಕ್ಷೆ ಹಿಡಿದು, 1200ರಲ್ಲಿ ಕ್ಯಾಸ್ಟೀಲ್‌ನ ಎಂಟನೇ ಅಲ್ಫೊನ್ಸೊ ನಡುವಿನ ಬಯಲಿನ ವಿತೋರಿಯಾ ಊರನ್ನು ಮುತ್ತಿಗೆ ಹಾಕಿ ಗೆದ್ದನೆಂದು ಇಡೀ ಪ್ರಾಂತ್ಯಕ್ಕೆ ಅವನ ಬಣ್ಣ ಬಳಿದೆ. ಆದರೆ ದಕ್ಷಿಣದ ಲಾಗ್ವಾರ್ದಿಯಾ ಅವನಿಗೆ ಸಿಕ್ಕಿರಲಿಲ್ಲ. ಅದು 1461ರವರೆಗೂ ನವಾರ್ರಾದ್ದೇ. ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲದ ಲೆಕ್ಕ ಒಂದು ಬಣ್ಣದಲ್ಲಿ ಕೆಟ್ಟುಹೋಯಿತು. ಹಾಗೇಕಾಯಿತೆಂದರೆ, ಲಾಗ್ವಾರ್ದಿಯಾಕ್ಕೂ ವಿತೋರಿಯಾಕ್ಕೂ ನಡುವೆ ಕಾಂತಾಬ್ರಿಯಾ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಉತ್ತರದ ಮೋಡವನ್ನು ಅದು ತಡೆಯುತ್ತದೆ. ಅದಕ್ಕೇ ದಕ್ಷಿಣದ ಇಳಿಜಾರು ಒಣ ಸೀಮೆ, ದ್ರಾಕ್ಷಿತೋಟದ ಸೀಮೆ. ಕೆಳಗೆ ಎಬ್ರೋ ನದಿ. ಅಲ್ಲಿನ ಗುಡ್ಡದ ನೆತ್ತಿಯ ಮೇಲೆ ನವಾರ್ರಾದ ಆರನೇ ಸಾಂಚೊ ಲಾಗ್ವಾರ್ದಿಯಾಕ್ಕೆ 1164ರಲ್ಲಿ ಊರಿನ ಹಕ್ಕುಗಳ ಸನ್ನದು ಕೊಟ್ಟ. ಹೆಸರೇ ಹೇಳುವಂತೆ ಕಾವಲಿನ ಊರು ಅದು. ಬೆಟ್ಟದಾಚೆಯ ಬಯಲು ಕೈತಪ್ಪಿದರೂ ಈಚೆಯ ಕಾವಲು ಉಳಿಯಿತು.

ಇಂದಿನ ಗಡಿ ಮೋಸ ಮಾಡುವುದು ಇಲ್ಲೊಂದೇ ಕಡೆ ಅಲ್ಲ. 882, 883ರಲ್ಲಿ ಅಲಾವಾದ ಕೌಂಟ್ ವೇಲಾ ಹಿಮೆನೆಸ್ ದಕ್ಷಿಣದ ಮುಸ್ಲಿಂ ರಾಜ್ಯ ಕೊರ್ದೊಬಾದ ಸೈನ್ಯವನ್ನು ತಡೆದ ಸೆಯೋರಿಗೊ ಕೋಟೆ ಇವತ್ತು ಪಕ್ಕದ ಲಾ ರಿಯೋಹಾ ಪ್ರಾಂತ್ಯದಲ್ಲಿದೆ. ಸಾಂಚೊ 1161ರಲ್ಲಿ ಕಟ್ಟಿದ ತ್ರೆವಿನ್ಯೊ ಸುತ್ತಲೂ ಅಲಾವಾ ಇದ್ದರೂ ಈಗ ಬುರ್ಗೋಸ್ ಪ್ರಾಂತ್ಯಕ್ಕೆ ಸೇರಿದ್ದು.

ಹಾಗಾಗಿ ಗಡಿಗೆರೆ ಅಳಿಸಿ, ಪೆನ್ಸಿಲ್ಲಿನಲ್ಲಿ ನೀರು ಬರೆಯಿರಿ. ನಡುವಿನ ಬಯಲು ಸುಮಾರು 500 ಮೀಟರ್ ಎತ್ತರದ್ದು. ಅದರ ನೀರು ಸದೋರ್ರಾ ಹೊಳೆಯಾಗಿ ಎಬ್ರೋ ಸೇರಿ ಮೆಡಿಟರೇನಿಯನ್‌ಗೆ ಹೋಗುತ್ತದೆ. ವಾಯವ್ಯದಲ್ಲಿ ನೆರ್ವಿಯೋನ್ ಹೊಳೆ 222 ಮೀಟರ್ ಧುಮುಕಿ ಘಟ್ಟ ಇಳಿದು ಬಿಲ್ಬಾವೊ ಕಡೆಗೆ, ಅಟ್ಲಾಂಟಿಕ್‌ಗೆ ಹರಿಯುತ್ತದೆ. ಘಟ್ಟದ ಕೆಳಗಿನ ಅಯಾಲಾ ಕಣಿವೆಗೆ ಬೇರೆಯೇ ಪಾಳೆಯಗಾರರು, ಬೇರೆಯೇ ಕಟ್ಟಳೆ. ಆ ಕಟ್ಟಳೆಯನ್ನು 1373ರಲ್ಲಿ ಬರವಣಿಗೆಗೆ ಇಳಿಸಿದವನು ಅಲ್ಲಿನ ಪಾಳೆಯಗಾರ ಫೆರ್ನಾನ್ ಪೆರೆಸ್ ದೆ ಅಯಾಲಾ. ಬಯಲನ್ನೂ ಅಯಾಲಾವನ್ನೂ ಒಂದೇ ಪಟ್ಟಿಗೆ ತುರುಕಿದರೆ ಎರಡೂ ಅರ್ಥವಾಗುವುದಿಲ್ಲ.

ನೀರಾದ ಮೇಲೆ ಊರು. ಬಯಲಿನ ನಡುವೆ ಗಾಸ್ತೇಯಿಸ್ ಎಂಬ ಹಳ್ಳಿಯಿದ್ದ ಒಂಟಿ ದಿಬ್ಬವನ್ನು ಆರಿಸಿ ಸಾಂಚೊ 1181ರಲ್ಲಿ ನೋವಾ ವಿಕ್ಟೋರಿಯಾ ಎಂಬ ಊರು ಮಾಡಿದ. ಅದೇ ಇಂದಿನ ವಿತೋರಿಯಾ-ಗಾಸ್ತೇಯಿಸ್. ಹಳೇ ಊರನ್ನು ಮೇಲಿನಿಂದ ನೋಡಿದರೆ ಬಾದಾಮಿಯ ಆಕಾರ. ಬೀದಿಗಳು ದಿಬ್ಬದ ಮೈಗೆ ಅಂಟಿಕೊಂಡು ಬಾಗಿವೆ. ಕಮ್ಮಾರರ ಬೀದಿ, ಚಮ್ಮಾರರ ಬೀದಿ, ಚಾಕು ಮಾಡುವವರ ಬೀದಿ, ಹೆಸರುಗಳು ಈಗಲೂ ಹಾಗೇ ಇವೆ.

ಊರು ದೊರೆಯದಾದರೂ ಸುತ್ತಲ ಹಳ್ಳಿಗಳು ದೊರೆಯವಲ್ಲ. ಪರೀಕ್ಷೆಗೆ ಓದುವವರು ಬಿಟ್ಟುಬಿಡುವುದು ಇದನ್ನೇ. ಹಳ್ಳಿಗಳನ್ನು ಆಳುತ್ತಿದ್ದದ್ದು ಜಮೀನ್ದಾರರ ಕೂಟ, ಅರ್ರಿಯಾಗಾದ ಕೊಫ್ರಾದಿಯಾ. ಊರ ಹೊರಗಿನ ಅರ್ರಿಯಾಗಾ ಬಯಲಿನಲ್ಲಿ ಸೇರಿ ತಮ್ಮ ಒಡೆಯನನ್ನು ತಾವೇ ಆರಿಸುತ್ತಿದ್ದರು. 1332ರ ಏಪ್ರಿಲ್ 2ರಂದು ಕ್ಯಾಸ್ಟೀಲ್‌ನ ಹನ್ನೊಂದನೇ ಅಲ್ಫೊನ್ಸೊಗೆ ನಾಡನ್ನು ಒಪ್ಪಿಸಿ ಕೂಟವನ್ನು ಮುಚ್ಚಿದರು. ಈ ನೆಲವನ್ನು ಇನ್ನಾರಿಗೂ ಕೊಡಕೂಡದು, ಸದಾ ಸಿಂಹಾಸನದ್ದಾಗಿಯೇ ಇರಬೇಕು ಎಂಬ ಷರತ್ತನ್ನು ಬರೆಸಿಕೊಂಡೇ ಒಪ್ಪಿಸಿದ್ದು. ನಕ್ಷೆಯಲ್ಲಿ ಬಯಲಿಗೆ ಕ್ಯಾಸ್ಟೀಲ್‌ನ ಬಣ್ಣವನ್ನು ಗಟ್ಟಿಯಾಗಿ ಬಳಿಯಬೇಕಾದ ವರ್ಷ ಇದು. 1200ರಿಂದ ಅಲ್ಲಿಯವರೆಗೆ ತೆಳುವಾಗಿ ಗೆರೆ ಎಳೆದರೆ ಸಾಕು, ಲಾಗ್ವಾರ್ದಿಯಾವನ್ನು ಮಾತ್ರ ಖಾಲಿ ಬಿಡಿ.