ಬ್ರೂಗಲ್‌ನ ಹಿಮದ ಚಿತ್ರದಲ್ಲಿ ಯೇಸುವೇ ಸರಿಯಾಗಿ ಕಾಣುವುದಿಲ್ಲ, ಅದು ಹೇಗೆ ಧಾರ್ಮಿಕ ಚಿತ್ರ?

ನೀವು ಕೇಳಿರುವುದು ಪೀಟರ್ ಬ್ರೂಗಲ್ 1563ರಲ್ಲಿ ಬಿಡಿಸಿದ, ಮೂವರು ಜ್ಞಾನಿಗಳು ಬಾಲಯೇಸುವನ್ನು ನೋಡಲು ಬರುವ ಚಿತ್ರದ ಬಗ್ಗೆ ಅಲ್ವಾ? ನನಗೆ ತುಂಬಾ ಇಷ್ಟವಾದ ಚಿತ್ರ ಅದು. ಯೇಸು ಕಾಣುವುದಿಲ್ಲ ಅಂದಿರಿ. ಎಡಗಡೆ ಕೆಳಗಿನ ಮೂಲೆಯನ್ನು ನೋಡಿ. ಅಲ್ಲೊಂದು ದನದ ಕೊಟ್ಟಿಗೆ ಇದೆ, ಅದೂ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿದೆ. ತಾಯಿ, ಮಗು, ಕಾಣಿಕೆ ತಂದವರು ಎಲ್ಲರೂ ಇರುವುದು ಅಲ್ಲೇ.

ಉಳಿದ ಜಾಗವೆಲ್ಲ ಊರಿನದು. ಯೇಸು ಹುಟ್ಟಿದ ಬೆತ್ಲೆಹೇಮ್ ಅನ್ನುವುದು ಹೆಸರಿಗೆ, ಕಾಣುವುದು ಬ್ರೂಗಲ್ ಬದುಕಿದ್ದ ಕಾಲದ ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ ಕಡೆಯ) ಹಳ್ಳಿ. ಹಗಲೋ ಸಂಜೆಯೋ ತಿಳಿಯದಷ್ಟು ಮಂಕು ಬೆಳಕು. ಹೆಪ್ಪುಗಟ್ಟಿದ ನೀರಿನಲ್ಲಿ ತೂತು ಕೊರೆದಿದ್ದಾರೆ, ಜನ ಅಲ್ಲಿಂದ ನೀರು ಹೊರುತ್ತಿದ್ದಾರೆ. ಒಂದು ಮಗು ಮಂಜುಗಡ್ಡೆಯ ಮೇಲೆ ಪುಟ್ಟ ಜಾರುಬಂಡಿಯಲ್ಲಿ ಕೂತು ಆಡುತ್ತಿದೆ. ದೊಡ್ಡವರ ಪರಿವಾರವೇ ಊರಿಗೆ ಬಂದಿದ್ದರೂ ಮನೆಗೆ ನೀರು ಬೇಕಲ್ಲ!

ಇದನ್ನು ಭಕ್ತಿ ಕಡಿಮೆ ಅಂತ ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೇವರು ಬಡವರ ಕೊಟ್ಟಿಗೆಯಲ್ಲಿ ಹುಟ್ಟಿದ, ಊರಿನ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ ಅನ್ನುವುದೇ ಆ ಕಥೆಯಾದರೆ, ಅದನ್ನು ನಟ್ಟನಡುವೆ ಚಿನ್ನದ ಬೆಳಕಿನಲ್ಲಿ ಕೂರಿಸಿದರೆ ಕಥೆಯೇ ಸುಳ್ಳಾಗುತ್ತದೆ. ನೀವು ಹುಡುಕಬೇಕಾಯಿತಲ್ಲ, ಬ್ರೂಗಲ್‌ಗೆ ಬೇಕಾಗಿದ್ದೂ ಅದೇ ಅಂತ ನನಗನಿಸುತ್ತದೆ. ಬೆತ್ಲೆಹೇಮಿನಲ್ಲಿ ನಡೆದ ಜನಗಣತಿಯನ್ನು ತೋರಿಸುವ 1566ರ ಚಿತ್ರದಲ್ಲೂ ಹೀಗೇ ಮಾಡಿದ್ದಾನೆ. ತೆರಿಗೆ ಕಟ್ಟಲು ಜನ ಮುಗಿಬಿದ್ದಿದ್ದಾರೆ, ಕತ್ತೆಯ ಮೇಲೆ ಕೂತ ಯೇಸುವಿನ ತಾಯಿ ಮರಿಯಳನ್ನು ಯಾರೂ ತಿರುಗಿ ನೋಡುವುದಿಲ್ಲ. ಮುಂದೆ ನಡೆಯುವ ಅವಳ ಗಂಡ ಜೋಸೆಫನ ಹೆಗಲ ಮೇಲೆ ಬಡಗಿಯ ಗರಗಸ ಇರುವುದರಿಂದಲೇ ನಮಗೆ ಗುರುತು ಸಿಗುವುದು.

ಇನ್ನು ಹಿಮ. ಸುರಿಯುತ್ತಿರುವ ಹಿಮವನ್ನು ತೋರಿಸಿದ ಯುರೋಪಿನ ಮೊದಮೊದಲ ವರ್ಣಚಿತ್ರಗಳಲ್ಲಿ ಇದೂ ಒಂದು. ಇಡೀ ಚಿತ್ರ ಮುಗಿಸಿ, ಅದರ ಮೇಲೆ ಬಿಳಿ ಬಣ್ಣದ ಚುಕ್ಕೆಗಳನ್ನು ಹಾಕಿದ್ದಾನೆ. ಅಷ್ಟು ಕಷ್ಟಪಟ್ಟು ಬಿಡಿಸಿದ ಜನರ ಮೇಲೆ, ಕೊಟ್ಟಿಗೆಯ ಮೇಲೆ ತಾನೇ ಬಿಳಿ ಚುಕ್ಕೆ ಹಾಕಲು ಎಷ್ಟು ಧೈರ್ಯ ಬೇಕು! ಅದರಿಂದಲೇ ನಾವೂ ಆ ಹಿಮದಲ್ಲಿ ನಿಂತು ಕಣ್ಣು ಕಿರಿದು ಮಾಡಿಕೊಂಡು ನೋಡಿದ ಹಾಗಾಗುತ್ತದೆ. ಅವನ ಮಗ ಇದರ ನಕಲುಗಳನ್ನು ಜಾಸ್ತಿ ಮಾಡಿದ, ಹಲವದರಲ್ಲಿ ಬೀಳುವ ಹಿಮವೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಕಲು ಎಷ್ಟು ಸ್ಪಷ್ಟವಾಗಿದ್ದರೂ ಚಳಿಯೇ ಇಲ್ಲ ಅನಿಸುತ್ತದೆ.

ಮೂಲ ಚಿತ್ರ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲಿ, ಓಸ್ಕರ್ ರೈನ್‌ಹಾರ್ಟ್ ಸಂಗ್ರಹ ಅನ್ನುವ ಮ್ಯೂಸಿಯಂನಲ್ಲಿದೆ. ಮರದ ಹಲಗೆಯ ಮೇಲಿನ ಚಿಕ್ಕ ಚಿತ್ರ, ಸುಮಾರು 35 ಸೆಂಟಿಮೀಟರ್ ಎತ್ತರ, 55 ಅಗಲ ಅಷ್ಟೇ. ಫೋನಿನಲ್ಲಿ ಸುಮ್ನೆ ಸರಿಸಿ ಬಿಡಬೇಡಿ, ದೊಡ್ಡ ಪರದೆಯಲ್ಲಿ ಹಿಗ್ಗಿಸಿ ನೋಡಿ. ಬಲಗಡೆಯ ಪಾಳು ಕಟ್ಟಡಕ್ಕೆ ಆಸರೆ ಕೊಟ್ಟಿರುವ ಮರದ ತೊಲೆಯೂ ಆಗ ಕಾಣುತ್ತದೆ.