ಭಯ ಆಯಿತು ಅಂದರೆ ವಿಶ್ವಾಸ ಹೋಯಿತು ಅಂತಲ್ಲ

ಪರೀಕ್ಷೆ ಹತ್ತಿರ ಬಂದಾಗ ನನಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬೈಬಲಿನ ಯಾವ ವಚನ ಹೇಳಿಕೊಂಡರೆ ಓದಿದ್ದು ನೆನಪಿರುತ್ತದೆ? ಎಷ್ಟು ದಿನ ಉಪವಾಸ ಮಾಡಿದರೆ ಪಾಸಾಗುತ್ತೇನೆ? ಪ್ರತಿ ವರ್ಷ ಉತ್ತರ ಕೊಡುತ್ತೇನೆ, ಮುಂದಿನ ವರ್ಷ ಮತ್ತೆ ಅವೇ ಪ್ರಶ್ನೆಗಳು ಬರುತ್ತವೆ. ಪ್ರಾರ್ಥನೆ ಮಾಡುವುದು ಹೇಗೆ ಅಂತ ನಾನು ಇಲ್ಲಿ ಹೇಳಿಕೊಡುವುದಿಲ್ಲ. ಬರೆದವರೆಲ್ಲ ಪ್ರಾರ್ಥನೆ ಮಾಡುವವರೇ. ನಾನು ಚರ್ಚಿನ ಸಭಾಪಾಲಕನಾಗುವ ಮೊದಲು 11 ವರ್ಷ ಮಕ್ಕಳಿಗೆ ಪಾಠ ಮಾಡಿದವನು. ಎರಡೂ ಕಡೆ ನೋಡಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಹೋಗುತ್ತದೆ. ಅದನ್ನು ಕೇಳಿದ ಹುಡುಗಿಯ ಮೇಲೆ ಯಾರೋ ಹೊರಿಸಬಾರದ ಹೊರೆ ಹೊರಿಸಿದ್ದಾರೆ.

ಪ್ರಶ್ನೆ: ನಾನು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡುತ್ತೇನೆ. ಈ ವಾರ ಮೂರು ದಿನ ಉಪವಾಸವನ್ನೂ ಮಾಡಿದೆ. ಆದರೂ ಪುಸ್ತಕ ತೆರೆದರೆ ಎದೆ ಡವಡವ ಅನ್ನುತ್ತದೆ. ಹೋದ ಸಲ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಓದಿದ್ದೆಲ್ಲ ಮರೆತುಹೋಯಿತು. ನಮ್ಮ ಪ್ರಾರ್ಥನಾ ಕೂಟದ ಒಬ್ಬ ಅಕ್ಕ ‘ಚಿಂತೆ ಮಾಡುವುದು ಪಾಪ, ನಿನ್ನ ವಿಶ್ವಾಸ ಸಾಲದು’ ಅಂದರು. ನನ್ನ ವಿಶ್ವಾಸ ನಿಜವಾಗಿಯೂ ಕಡಿಮೆಯಾ?

ಇಲ್ಲ, ಮಗಳೇ. ನಿನ್ನ ವಿಶ್ವಾಸಕ್ಕೆ ಏನೂ ಆಗಿಲ್ಲ. ನಿನಗೆ ನಿದ್ದೆ ಸಾಲದು, ಊಟ ಸಾಲದು, ಅದರ ಮೇಲೆ ಆ ಮಾತು ಬೇರೆ.

ಆ ಅಕ್ಕ ನಿನ್ನ ಮುಂದೆ ಹಿಡಿದಿರುವುದು ಯೇಸುವಿನ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ 4:6, ಅಂದರೆ 4ನೇ ಅಧ್ಯಾಯದ 6ನೇ ವಚನ, ಇರಬೇಕು. ಯಾವುದಕ್ಕೂ ಚಿಂತೆ ಮಾಡಬೇಡಿ, ಎಲ್ಲವನ್ನೂ ದೇವರಿಗೆ ತಿಳಿಸಿ ಅನ್ನುವ ಮಾತು. ಇದನ್ನು ಎಷ್ಟೋ ಮಕ್ಕಳ ತಲೆಗೆ ಕೋಲಿನ ಹಾಗೆ ಬೀಸಿದ್ದನ್ನು ನಾನು ನೋಡಿದ್ದೇನೆ. ಬೀಸುವವರು ಪೂರ್ತಿ ಓದುವುದಿಲ್ಲ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು. ತಾನು ಬದುಕುತ್ತೇನೋ ಸಾಯುತ್ತೇನೋ ಅನ್ನುವುದು ಅವನಿಗೆ ಇನ್ನೂ ತೀರ್ಮಾನ ಆಗಿರಲಿಲ್ಲ. ಅದೇ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, 11:28ರಲ್ಲಿ, ಎಲ್ಲ ಸಭೆಗಳ ಚಿಂತೆ ದಿನಾ ನನ್ನನ್ನು ಒತ್ತುತ್ತಿದೆ ಅನ್ನುತ್ತಾನೆ. ಎರಡೂ ಕಡೆ ಗ್ರೀಕ್ ಮೂಲದಲ್ಲಿ ಇರುವುದು ಒಂದೇ ಧಾತುವಿನ ಪದ. ಅಂದರೆ ಚಿಂತೆ ಮಾಡಬೇಡಿ ಅಂದವನಿಗೂ ಚಿಂತೆ ಇತ್ತು. ಅದು ಬಂದಾಗ ಎಲ್ಲಿಗೆ ತೆಗೆದುಕೊಂಡು ಹೋಗಬೇಕು ಅನ್ನುವುದನ್ನು ಅವನು ಹೇಳಿಕೊಡುತ್ತಿದ್ದ.

ಅದರ ಮುಂದಿನ ವಚನವನ್ನೂ ನೋಡು. ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಅಂತಿದೆ. ಆ ಗ್ರೀಕ್ ಪದ ಸೈನಿಕರು ಊರಿಗೆ ಕಾವಲು ನಿಲ್ಲುವುದಕ್ಕೆ ಬಳಸುವಂಥದ್ದು. ಹೊರಗೆ ಶತ್ರು ಇದ್ದಾಗಲೇ ಅಲ್ವಾ ಕಾವಲು ಬೇಕಾಗುವುದು? ಪ್ರಾರ್ಥನೆ ಮುಗಿದ ಮೇಲೂ ಎದೆ ಹೊಡೆದುಕೊಳ್ಳುತ್ತಿದ್ದರೆ ಪ್ರಾರ್ಥನೆ ವ್ಯರ್ಥವಾಯಿತು ಅಂದುಕೊಳ್ಳಬೇಡ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂದ. ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದ. ಅವನ ಮುಂದೆ ನಿಂತು ‘ನಿನ್ನ ವಿಶ್ವಾಸ ಸಾಲದು’ ಅನ್ನುವ ಧೈರ್ಯ ಯಾರಿಗಿದೆ?

ಈಗ ಮರೆತುಹೋದ ವಿಷಯಕ್ಕೆ ಬರೋಣ. ಓದಿದ್ದು ಅಳಿಸಿಹೋಗಿರಲಿಲ್ಲ. ಭಯವಾದಾಗ ದೇಹ ಓಡಲು ತಯಾರಾಗುತ್ತದೆ. ಅಡ್ರಿನಾಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ. ಆಗ ಮಿದುಳಿಗೆ ಒಳಗಿರುವುದನ್ನು ಹುಡುಕಿ ತೆಗೆಯುವುದು ಕಷ್ಟವಾಗುತ್ತದೆ. ಅದಕ್ಕೇ ಪರೀಕ್ಷೆಯ ಕೊಠಡಿಯಿಂದ ಹೊರಗೆ ಕಾಲಿಟ್ಟ ಮೇಲೆ ಉತ್ತರ ಥಟ್ಟನೆ ನೆನಪಾಗುತ್ತದೆ. ಇದು ಎಲ್ಲ ಧರ್ಮದವರಿಗೂ, ಧರ್ಮವೇ ಬೇಡ ಅನ್ನುವವರಿಗೂ ಆಗುತ್ತದೆ.

ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ನೆಹೆಮೀಯನಿಗಿಂತ ಒಳ್ಳೆಯ ಗುರು ನನಗೆ ಬೈಬಲಿನಲ್ಲಿ ಸಿಕ್ಕಿಲ್ಲ. ಅವನು ಪರ್ಷಿಯಾದ ಅರ್ತಷಸ್ತ ರಾಜನಿಗೆ ಪಾನಪಾತ್ರೆ ಕೊಡುವವನು. ತನ್ನ ಪೂರ್ವಜರ ಊರಾದ ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಕೇಳಿ ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಸುಮಾರು ನಾಲ್ಕು ತಿಂಗಳು ಕಳೆಯಿತು. ಒಂದು ದಿನ ರಾಜನೇ ‘ಯಾಕೆ ಮುಖ ಬಾಡಿದೆ?’ ಅಂತ ಕೇಳಿದ. ಆಗ ನೆಹೆಮೀಯ ತಾನೇ ಬರೆದುಕೊಂಡಿದ್ದಾನೆ, ನನಗೆ ಬಹಳ ಭಯವಾಯಿತು ಅಂತ. ‘ನಿನಗೆ ಏನು ಬೇಕು?’ ಅಂತ ರಾಜ ಮತ್ತೆ ಕೇಳಿದಾಗ ಅವನು ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇದ್ದ ಹೊತ್ತು ಎಷ್ಟು? ಒಂದು ಉಸಿರಿನಷ್ಟು. ಅಷ್ಟರಲ್ಲೇ ಪ್ರಾರ್ಥನೆ ಮುಗಿದಿತ್ತು.

ಆಮೇಲೆ ಅವನು ಕೊಟ್ಟ ಉತ್ತರ ನೋಡು. ಊರನ್ನು ಮತ್ತೆ ಕಟ್ಟಲು ಕಳಿಸಿಕೊಡಿ ಅಂತ ಕೇಳಿದ. ಎಷ್ಟು ದಿನ ಬೇಕು ಅನ್ನುವುದು ಗೊತ್ತಿತ್ತು. ದಾರಿಯಲ್ಲಿ ಯಾವ ಅಧಿಕಾರಿಗಳಿಗೆ ಪತ್ರ ಬೇಕು ಅನ್ನುವುದು ಗೊತ್ತಿತ್ತು. ಮರ ಕೊಡಿಸಬೇಕಾದ ವನಪಾಲಕನ ಹೆಸರು ಸಹಿತ ಗೊತ್ತಿತ್ತು. ಆ ನಾಲ್ಕು ತಿಂಗಳು ಅವನು ಪ್ರಾರ್ಥನೆಯ ಜೊತೆಗೆ ತಯಾರಿಯನ್ನೂ ಮಾಡಿದ್ದ ಅಂತ ನಾನು ಓದಿಕೊಳ್ಳುತ್ತೇನೆ. ಭಯ, ಪ್ರಾರ್ಥನೆ, ತಯಾರಿ ಮೂರೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇದ್ದವು.

ನೀನೂ ಹಾಗೇ ಮಾಡು. ಕೈ ನಡುಗಿದರೆ ಪೆನ್ನು ಕೆಳಗಿಡು. ಉಸಿರು ತಗೊಳ್ಳುವಾಗ ಮನಸ್ಸಿನಲ್ಲಿ ‘ಕರ್ತನೇ’ ಅನ್ನು, ನಿಧಾನವಾಗಿ ಬಿಡುವಾಗ ‘ಜೊತೆಗಿರು’ ಅನ್ನು. ಐದಾರು ಸಲ ಸಾಕು. ಬಿಡುವ ಉಸಿರು ಉದ್ದ ಆದಂತೆ ಎದೆಬಡಿತ ಇಳಿಯುತ್ತದೆ. ಆಮೇಲೆ ನಿನಗೆ ಚೆನ್ನಾಗಿ ಬರುವ ಸಣ್ಣ ಪ್ರಶ್ನೆ ಒಂದನ್ನು ಹುಡುಕಿ ಅದನ್ನು ಬರೆ. ಒಂದು ಉತ್ತರ ಬಂದರೆ ಉಳಿದವೂ ಸಾಮಾನ್ಯವಾಗಿ ಹಿಂದೆಯೇ ಬರುತ್ತವೆ. ಕಣ್ಣು ಮುಚ್ಚಿ ಹತ್ತು ನಿಮಿಷ ಪ್ರಾರ್ಥಿಸುತ್ತಾ ಕೂರಬೇಡ. ಅದು ಬರೆಯುವ ಹೊತ್ತು.

ಉಪವಾಸವನ್ನು ಇವತ್ತೇ ನಿಲ್ಲಿಸು. ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನನ್ನ ತರಗತಿಯಲ್ಲೇ ಉಪವಾಸದಲ್ಲಿದ್ದ ಹುಡುಗನೊಬ್ಬ ಪರೀಕ್ಷೆಯ ನಡುವೆ ತಲೆ ಸುತ್ತಿ ಬಿದ್ದಿದ್ದ. ಅವನನ್ನು ಎತ್ತಿಕೊಂಡು ಹೋದ ನೆನಪು ಇನ್ನೂ ಹೋಗಿಲ್ಲ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಪರೀಕ್ಷೆಯ ವಾರದಲ್ಲಿ ಉಪವಾಸ ಹೇಳುವ ಹಿರಿಯರಿಗೆ ನನ್ನದೊಂದು ಬಿನ್ನಹ: ಬೇಕಿದ್ದರೆ ಆ ಉಪವಾಸ ನೀವು ಮಾಡಿ, ಮಕ್ಕಳಿಗೆ ಊಟ ಹಾಕಿ.

ನಾಲ್ಕಕ್ಕೆ ಏಳುವುದೂ ಅಷ್ಟೇ. ರಾತ್ರಿ ಎಷ್ಟಕ್ಕೆ ಮಲಗುತ್ತೀಯ ಅಂತ ನೀನು ಬರೆದಿಲ್ಲ. ಒಂಬತ್ತಕ್ಕೆ ಮಲಗುವವಳಾದರೆ ಸಂತೋಷ. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತಿದ್ದರೆ ನೀನು ಓದಿದ್ದನ್ನು ನೀನೇ ಕಳೆದುಕೊಳ್ಳುತ್ತಿದ್ದೀಯ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ಹೆಚ್ಚಾಗಿ ನಿದ್ದೆಯಲ್ಲಿ. ಬೈಬಲಿನ ಕೀರ್ತನೆ 127 ಕೂಡ ಬೇಗ ಎದ್ದು ತಡವಾಗಿ ಮಲಗಿ ಕಷ್ಟದ ಅನ್ನ ತಿನ್ನುವುದು ವ್ಯರ್ಥ ಅನ್ನುತ್ತದೆ. ನಿದ್ದೆ ದೇವರು ತನ್ನ ಪ್ರಿಯರಿಗೆ ಕೊಡುವ ವರ.

ಪ್ರವಾದಿ ಎಲೀಯನ ಕಥೆ ನಿನಗೆ ಗೊತ್ತಿರುತ್ತದೆ. ಅರಸುಗಳ ಮೊದಲನೇ ಪುಸ್ತಕ, 19ನೇ ಅಧ್ಯಾಯ. ಹೆದರಿ ಓಡಿ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂದ. ದೇವರು ಅವನನ್ನು ಬೈಯಲಿಲ್ಲ. ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಮಲಗಲು ಬಿಟ್ಟ. ದೇವದೂತ ಬಂದು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ‘ತಿನ್ನು, ದಾರಿ ದೂರ ಇದೆ’ ಅಂದ. ದೇವರ ಜೊತೆ ಮಾತುಕತೆ ನಡೆದದ್ದು ಆಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಿನ್ನ ಕೂಟದ ಅಕ್ಕನಿಗೆ ಈ ಅಧ್ಯಾಯವನ್ನು ಓದಲು ಕೊಡು.

ಓದುವ ರೀತಿಯ ಬಗ್ಗೆಯೂ ಒಂದು ಮಾತು. ಪುಸ್ತಕ ತೆರೆದಿಟ್ಟು ಮತ್ತೆ ಮತ್ತೆ ಓದಿದರೆ ಎಲ್ಲ ಗೊತ್ತಿರುವ ಹಾಗೆ ಅನಿಸುತ್ತದೆ, ಪರೀಕ್ಷೆಯ ಕೊಠಡಿಯಲ್ಲಿ ಕೈ ಕೊಡುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದರು. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೆ ಒಂದು ವಾರದ ಮೇಲೆ ಜಾಸ್ತಿ ನೆನಪಿತ್ತು. ಆದ್ದರಿಂದ ಪುಸ್ತಕ ಮುಚ್ಚಿ ಬರೆ. ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಒಂದನ್ನಾದರೂ ಪೂರ್ತಿ ಬರೆ. ಭಯವನ್ನು ಮನೆಯಲ್ಲೇ ಒಂದು ಸಲ ನೋಡಿದ್ದರೆ ಪರೀಕ್ಷೆಯ ಕೊಠಡಿಯಲ್ಲಿ ಅದು ಹೊಸಬನ ಹಾಗೆ ಕಾಣುವುದಿಲ್ಲ.

ಕೊನೆಯದಾಗಿ, ಇದನ್ನು ಯಾವುದೇ ವಿದ್ಯಾರ್ಥಿ ಓದುತ್ತಿದ್ದರೂ ಕೇಳಬೇಕು. ಎರಡು ವಾರದಿಂದ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಅಥವಾ ಎಲೀಯನ ಹಾಗೆ ಸಾಯಬೇಕು ಅನಿಸುತ್ತಿದೆ ಅಂದರೆ ಒಬ್ಬರೇ ಪ್ರಾರ್ಥಿಸುತ್ತಾ ಕೂರಬೇಡಿ. ಇವತ್ತೇ, ಈಗಲೇ, ನಂಬುವ ಹಿರಿಯರೊಬ್ಬರಿಗೆ ಹೇಳಿ. ಅವರು ತಳ್ಳಿಹಾಕಿದರೆ ಇನ್ನೊಬ್ಬರಿಗೆ ಹೇಳಿ. ವೈದ್ಯರ ಹತ್ತಿರ ಹೋಗಿ. ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ, ಪೌಲ ಅವನನ್ನು ಪ್ರಿಯ ವೈದ್ಯ ಅಂತ ಕರೆದಿದ್ದಾನೆ. ಇಂಥ ಮಕ್ಕಳಿಗೆ ‘ಭಯದ ದೆವ್ವ ಹಿಡಿದಿದೆ, ಬಿಡಿಸುತ್ತೇನೆ’ ಅಂತ ಕಿರುಚುವವರಿಂದ ದಯವಿಟ್ಟು ಮಕ್ಕಳನ್ನು ದೂರ ಇಡಿ. ಆ ಕಿರುಚಾಟದಿಂದ ಹೆಚ್ಚು ಹೆದರಿದ ಮಕ್ಕಳನ್ನು ನಾನು ಸಮಾಧಾನ ಮಾಡಿದ್ದೇನೆ. ಅದು ಸುಲಭದ ಕೆಲಸ ಅಲ್ಲ.

ಪ್ರಶ್ನೆ: ಒಬ್ಬ ಬೋಧಕರು ಅಭಿಷೇಕದ ಎಣ್ಣೆ ಹಚ್ಚಿ ಪ್ರಾರ್ಥಿಸಿದ ಪೆನ್ನು ಮಾರುತ್ತಿದ್ದಾರೆ. ಮಗನಿಗೆ ತಗೊಳ್ಳಲಾ?

ಬೇಡ. ದೇವರ ವರವನ್ನು ದುಡ್ಡಿಗೆ ಕೇಳಿದ ಸೀಮೋನನಿಗೆ ಯೇಸುವಿನ ಶಿಷ್ಯ ಪೇತ್ರ ‘ನಿನ್ನ ದುಡ್ಡು ನಿನ್ನ ಜೊತೆಯೇ ಹಾಳಾಗಲಿ’ ಅಂದ, ಅಪೊಸ್ತಲರ ಕೃತ್ಯಗಳು 8:20 ತೆಗೆದು ಓದಿ. ಕೊಳ್ಳುವವನಿಗೇ ಆ ಮಾತಾದರೆ ಮಾರುವವನಿಗೆ?

ಪ್ರಶ್ನೆ: ಪವಿತ್ರಾತ್ಮನು ಎಲ್ಲವನ್ನೂ ನೆನಪಿಗೆ ತರುತ್ತಾನೆ ಅಂತ ಯೋಹಾನ 14:26ರಲ್ಲಿ ಇದೆ. ಎರಡು ವಿಷಯ ನಾನು ಓದೇ ಇಲ್ಲ. ನಂಬಿ ಹೋಗಬಹುದಾ?

ಆ ವಚನ ಹೇಳುವುದು ಯೇಸು ಶಿಷ್ಯರಿಗೆ ಹೇಳಿದ್ದ ಮಾತುಗಳ ಬಗ್ಗೆ. ಅವರು ಮೂರು ವರ್ಷ ಜೊತೆಗಿದ್ದು ಕೇಳಿದ್ದರು. ಕೇಳದೇ ಇದ್ದದ್ದು ನೆನಪಿಗೆ ಬರುವುದು ಹೇಗೆ? ದೇವಾಲಯದ ತುದಿಯಿಂದ ಹಾರು, ದೂತರು ಹಿಡಿಯುತ್ತಾರೆ ಅಂತ ಸೈತಾನ ಹೇಳಿದಾಗಲೂ ವಚನವನ್ನೇ ತೋರಿಸಿದ್ದ. ಯೇಸು ಹಾರಲಿಲ್ಲ. ಹೋಗಿ ಓದಿ.

ಪ್ರಶ್ನೆ: ಮಗಳಿಗೆ ಒಳ್ಳೆ ಅಂಕ ಬಂದರೆ ಅವಳನ್ನು ಸೇವೆಗೆ ಒಪ್ಪಿಸುತ್ತೇನೆ ಅಂತ ಹರಕೆ ಹೊತ್ತಿದ್ದೇನೆ. ಈಗ ಅವಳು ಒಪ್ಪುತ್ತಿಲ್ಲ. ಏನು ಮಾಡಲಿ?

ತಾಯಿ, ಅವಳ ಬದುಕನ್ನು ಅವಳನ್ನೇ ಕೇಳದೆ ಒತ್ತೆ ಇಟ್ಟಿದ್ದೀರಿ. ನ್ಯಾಯಸ್ಥಾಪಕರು 11ರಲ್ಲಿ ಯೆಪ್ತಾಹ ಅನ್ನುವ ಸೇನಾನಾಯಕ, ಯುದ್ಧ ಗೆದ್ದು ಬಂದರೆ ಮನೆಯಿಂದ ಎದುರಿಗೆ ಬರುವುದನ್ನು ದೇವರಿಗೆ ಬಲಿ ಕೊಡುತ್ತೇನೆ ಅಂತ ಹರಕೆ ಹೊತ್ತ. ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಬಂದವಳು ಅವನ ಒಬ್ಬಳೇ ಮಗಳು. ಅಂಥ ಹರಕೆ ಹೊರು ಅಂತ ದೇವರು ಹೇಳಿಯೇ ಇರಲಿಲ್ಲ. ದೇವರ ಮುಂದೆ ಕೂತು ‘ದುಡುಕಿದೆ, ಕ್ಷಮಿಸು’ ಅನ್ನಿ. ಆಮೇಲೆ ಮಗಳ ಹತ್ತಿರವೂ ಅದನ್ನೇ ಹೇಳಿ. ಎರಡನೆಯದು ಕಷ್ಟ, ಆದರೂ ಬಿಡಬೇಡಿ. ಅವಳಿಗೆ ಸೇವೆಯ ಕರೆ ಇದ್ದರೆ ಅದು ಅವಳಿಗೇ ಕೇಳಿಸುತ್ತದೆ.

ಪ್ರಶ್ನೆ: ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ ಅಂತ ದೇವರು ಹೇಳುವ ಯೆರೆಮೀಯ 29:11ನ್ನು ಗೋಡೆಗೆ ಅಂಟಿಸಿಕೊಂಡು ಓದಿದೆ. ಆದರೂ ಫೇಲಾದೆ. ದೇವರು ಮಾತು ತಪ್ಪಿದನಾ?

ನಿನ್ನ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ವಚನದ ಹಿಂದಿನ ಸಾಲನ್ನು ನಿನಗೆ ಯಾರೂ ತೋರಿಸಿಲ್ಲ ಅಂತ ಕಾಣುತ್ತದೆ. ಅದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಬಿಡುಗಡೆಗೆ 70 ವರ್ಷ ಆಗುತ್ತದೆ, ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ ಅಂತ ಅದರಲ್ಲಿದೆ. ಎಲ್ಲ ಬೇಗ ಸರಿಹೋಗುತ್ತದೆ ಅಂತ ಹೇಳಿದ ಪ್ರವಾದಿಗಳೇ ಅಲ್ಲಿ ಸುಳ್ಳು ಪ್ರವಾದಿಗಳು. ಈ ವಾರ ಅತ್ತುಬಿಡು. ಕೀರ್ತನೆ 88 ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಮುಂದಿನ ವಾರ ಮರುಪರೀಕ್ಷೆಯ ಬಗ್ಗೆ ವಿಚಾರಿಸು.

ಪ್ರಶ್ನೆ: ನಾವು ಕಥೋಲಿಕರು. ಪರೀಕ್ಷೆಗೆ ಕುಪರ್ಟಿನೋದ ಸಂತ ಜೋಸೆಫರನ್ನು ಬೇಡಿಕೊಂಡರೆ ತಪ್ಪಾ?

ನಾನು ಬೇರೆ ಸಭೆಯವನು, ನಿಮ್ಮ ಸಂಪ್ರದಾಯದ ಮೇಲೆ ತೀರ್ಪು ಕೊಡುವುದಿಲ್ಲ. 1603ರಲ್ಲಿ ಹುಟ್ಟಿದ ಆತನಿಗೆ ಓದು ತಲೆಗೆ ಹತ್ತುತ್ತಿರಲಿಲ್ಲವಂತೆ. ಪರೀಕ್ಷೆಯಲ್ಲಿ ತನಗೆ ಗೊತ್ತಿದ್ದ ಒಂದೇ ಭಾಗವನ್ನು ಕೇಳಿದರು ಅನ್ನುವುದು ಕಥೆ. ಮಕ್ಕಳಿಗೆ ಹೇಳುವಾಗ ಆ ಒಂದು ಭಾಗವನ್ನು ಆತ ಚೆನ್ನಾಗಿ ಕಲಿತಿದ್ದ ಅನ್ನುವುದನ್ನೂ ಸೇರಿಸಿ.

ಪ್ರಶ್ನೆ: ಕಾಪಿ ಹೊಡೆದು ಆಮೇಲೆ ಕ್ಷಮೆ ಕೇಳಿದರೆ ಆಗುತ್ತದಾ?

ಕ್ಷಮೆಯನ್ನು ಮೊದಲೇ ಲೆಕ್ಕ ಹಾಕಿಕೊಂಡು ಹೊರಟಿದ್ದೀರಿ. ಅದು ಪಶ್ಚಾತ್ತಾಪ ಅಲ್ಲ.

ಪ್ರಶ್ನೆ: ಪರೀಕ್ಷೆಯ ದಿನ ಬೆಳಿಗ್ಗೆ ಬೈಬಲಿನ ಯಾವ ಭಾಗ ಓದಲಿ?

ಕೀರ್ತನೆ 121. ಎಂಟೇ ವಚನ, ಒಂದು ನಿಮಿಷ ಸಾಕು. ಓದಿ, ಆಮೆನ್ ಹೇಳಿ, ತಿಂಡಿ ತಿನ್ನಿ. ಪೆನ್ನು ಎರಡು ಇವೆಯಾ ಅಂತ ನೋಡಿಕೊಂಡು ಹೊರಡಿ.