ಹದಿನೇಳನೇ ನಂಬರಿನ ಟ್ರಾಲಿಬಸ್

ಇಂಗ್ಲೆಂಡಿನ ಪಟ್ಟಣವೊಂದರಲ್ಲಿ ಬಾಲ್ಯ ಕಳೆದವರಿಗೆ ಅಲ್ಲಿನ ಬಸ್ ಪ್ರಯಾಣದ ಯಾವ ನೆನಪು ಇಂದಿಗೂ ಉಳಿದಿದೆ ಎಂದು ನೀವು ಕೇಳಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಉಳಿದಿರುವುದು ಒಂದು ಬಸ್ಸಿನ ನಿಶ್ಶಬ್ದ.

ಮೈಸೂರಿನಲ್ಲಿ ವೈದ್ಯಕೀಯ ಓದಿದ ನನ್ನ ತಂದೆ 1966ರಲ್ಲಿ ರೆಡಿಂಗ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಆರು ವರ್ಷ. (ಅಕ್ಷರ ನೋಡಿ ಇದನ್ನು ‘ರೀಡಿಂಗ್’ ಎಂದು ಓದುವವರು ಬಹಳ, ಊರಿನವರ ಬಾಯಲ್ಲಿ ಅದು ರೆಡಿಂಗ್.) ನಮ್ಮ ಬಾಡಿಗೆ ಮನೆ ಸೆಮೆಟರಿ ಜಂಕ್ಷನ್ ಹತ್ತಿರವಿತ್ತು. ಹಳೆಯ ಸ್ಮಶಾನದ ಕಲ್ಲಿನ ಕಮಾನು ಕಾಣುವ ಆ ಕವಲಿನಲ್ಲಿ ನಾವು 17ನೇ ನಂಬರಿಗೆ ಕಾಯುತ್ತಿದ್ದೆವು. ವೋಕಿಂಗ್‌ಹ್ಯಾಮ್ ರಸ್ತೆಯ ಥ್ರೀ ಟನ್ಸ್ ಎಂಬ ಪಬ್ಬಿನ ಬಳಿಯಿಂದ ಹೊರಟು, ಕಿಂಗ್ಸ್ ರಸ್ತೆ, ಬ್ರಾಡ್ ಸ್ಟ್ರೀಟ್, ಆಕ್ಸ್‌ಫರ್ಡ್ ರಸ್ತೆಗಳನ್ನು ಹಾದು ಟೈಲ್‌ಹರ್ಸ್ಟಿನ ಏರು ಹತ್ತುತ್ತಿದ್ದ, ಕಡುಗೆಂಪು ಮತ್ತು ಕೆನೆ ಬಣ್ಣದ ಎರಡಂತಸ್ತಿನ ಟ್ರಾಲಿಬಸ್ ಅದು.

ಹಳಿಯಿಲ್ಲದ, ಆದರೆ ತಲೆಯ ಮೇಲೆ ಎರಡು ತಂತಿಗಳಿಗೆ ಅಂಟಿಕೊಂಡೇ ಓಡುವ ಆ ಬಸ್ಸಿನಲ್ಲಿ ಎಂಜಿನ್ನಿನ ಗುಡುಗಾಗಲಿ ನಡುಕವಾಗಲಿ ಇರಲಿಲ್ಲ. ಹೊರಡುವಾಗ ಮೆಲ್ಲಗೆ ಗುಂಯ್ಗುಟ್ಟುತ್ತಿತ್ತು, ನಿಂತಾಗ ಎಷ್ಟು ಮೌನವಾಗುತ್ತಿತ್ತೆಂದರೆ ಹಿಂದಿನ ಸೀಟಿನವರು ಪತ್ರಿಕೆ ಮಡಿಸುವ ಸದ್ದೂ ಕೇಳುತ್ತಿತ್ತು. ಚಾವಣಿಯ ಮೇಲಿನ ಉದ್ದನೆಯ ಕೋಲುಗಳು ಅಪರೂಪಕ್ಕೊಮ್ಮೆ ತಂತಿಯಿಂದ ಜಾರಿದರೆ, ಕಂಡಕ್ಟರ್ ಇಳಿದು ಉದ್ದನೆಯ ಬಿದಿರಿನ ಗಳು ಹಿಡಿದು, ಕತ್ತೆತ್ತಿ, ಅವನ್ನು ಮತ್ತೆ ತಂತಿಗೆ ಸೇರಿಸುತ್ತಿದ್ದರು. ಮರದ ಮೇಲಿನ ಮಾವಿನಕಾಯಿಯನ್ನು ದೋಟಿಯಿಂದ ಎಟುಕಿಸುವಂತೆ ಕಾಣುತ್ತಿದ್ದ ಆ ದೃಶ್ಯಕ್ಕಾಗಿ ನಾನು ಮನಸ್ಸಿನಲ್ಲೇ ಹಾರೈಸುತ್ತಿದ್ದೆ.

ನನ್ನ ತಾಯಿ ಮನೆಯ ಹೊರಗೆ ಧೈರ್ಯವಾಗಿ ಆಡಿದ ಮೊದಲ ಇಂಗ್ಲಿಷ್ ವಾಕ್ಯ ಬಸ್ಸಿನದೇ: ‘ಒನ್ ಅಂಡ್ ಎ ಹಾಫ್ ಟು ಬ್ರಾಡ್ ಸ್ಟ್ರೀಟ್, ಪ್ಲೀಸ್.’ ಒಬ್ಬ ದೊಡ್ಡವರು, ಒಂದು ಅರ್ಧ ಟಿಕೆಟ್. ಮೈಸೂರಿನಲ್ಲೂ ಮಕ್ಕಳಿಗೆ ಅರ್ಧ ಟಿಕೆಟ್ಟೇ ಇದ್ದುದರಿಂದ ಆ ಮಾತು ಅವರಿಗೆ ಪರಕೀಯವೆನಿಸಲಿಲ್ಲ. ಲೆಕ್ಕ ಮಾತ್ರ ಕಷ್ಟವಿತ್ತು. ಭಾರತ ಆಗಲೇ ನೂರು ಪೈಸೆಗೆ ಬದಲಾಗಿತ್ತು. ಇಂಗ್ಲೆಂಡಿನಲ್ಲಿ 1971ರ ಫೆಬ್ರವರಿಯವರೆಗೂ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಸೆರಗಿನ ಮೇಲೆ ದಪ್ಪ ಕೋಟು ಹಾಕಿಕೊಂಡು, ಅಂಗೈಯಲ್ಲಿ ಅಗಲವಾದ ಪೆನ್ನಿಗಳನ್ನೂ ಹನ್ನೆರಡು ಮೂಲೆಯ ಮೂರು ಪೆನ್ನಿ ನಾಣ್ಯವನ್ನೂ ಹರಡಿ ಹಿಡಿಯುತ್ತಿದ್ದರು. ಆ ದಾರಿಯ ವಯಸ್ಸಾದ ಕಂಡಕ್ಟರ್ ಒಬ್ಬರು ಅವಸರ ಮಾಡದೆ, ಬೇಕಾದ ನಾಣ್ಯಗಳನ್ನು ಒಂದೊಂದಾಗಿ ಎಣಿಸಿ ಎತ್ತಿಕೊಂಡು, ಎರಡು ಸಲ ಗಂಟೆ ಬಾರಿಸಿ ಬಸ್ಸನ್ನು ಹೊರಡಿಸುತ್ತಿದ್ದರು. ಆ ತಾಳ್ಮೆಯ ಋಣ ನಮ್ಮ ಮನೆಯ ಮೇಲೆ ಇನ್ನೂ ಇದೆ ಎಂದೇ ನಾನು ಭಾವಿಸುತ್ತೇನೆ.

ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕಿದರೆ, ಸಿಗರೇಟಿನ ಹೊಗೆಗೆ ಹಳದಿಯಾದ ಚಾವಣಿಯ ಕೆಳಗೆ ಕುಳಿತು, ಕಿಂಗ್ಸ್ ರಸ್ತೆಯ ಹಂಟ್ಲಿ ಅಂಡ್ ಪಾಮರ್ಸ್ ಕಾರ್ಖಾನೆಗಾಗಿ ಕಾಯುತ್ತಿದ್ದೆ. ಕಿಟಕಿಯೊಳಗೆ ಬಿಸ್ಕತ್ತು ಬೇಯುವ ಘಮ ನುಗ್ಗುತ್ತಿತ್ತು.

1936ರಲ್ಲಿ ಆರಂಭವಾಗಿದ್ದ ರೆಡಿಂಗಿನ ಟ್ರಾಲಿಬಸ್ಸುಗಳು 1968ರ ನವೆಂಬರ್ 3ರಂದು, ಒಂದು ಭಾನುವಾರ, ನಿಂತವು. ಒಂದೊಂದೇ ಊರು ಅವುಗಳನ್ನು ಕೈಬಿಡುತ್ತಿದ್ದಂತೆ ಬಿಡಿಭಾಗಗಳು ಸಿಗುವುದೂ ಕಷ್ಟವಾಗಿತ್ತೆಂದು ತಂದೆ ವಿವರಿಸಿದ್ದರು; ಎಂಟು ವರ್ಷದ ನನಗೆ ಅದು ಸಮಾಧಾನ ಕೊಡಲಿಲ್ಲ. ಮರುದಿನ ಅದೇ ಸ್ಟಾಪಿಗೆ ಡೀಸೆಲ್ ಬಸ್ಸು ಬಂದಿತು. ತಾಯಿ ಎಂದಿನಂತೆ ತಮ್ಮ ವಾಕ್ಯ ಹೇಳಿದರು, ಆದರೆ ಎಂಜಿನ್ನಿನ ಸದ್ದಿನಲ್ಲಿ ಅದನ್ನು ಎರಡು ಸಲ ಹೇಳಬೇಕಾಯಿತು.

17ನೇ ನಂಬರು ಇಂದಿಗೂ ಅದೇ ಎರಡು ಕೊನೆಗಳ ನಡುವೆ ಓಡುತ್ತದೆ. ಹಳೆಯ ಕೆಲವು ಬಸ್ಸುಗಳು ಲಿಂಕನ್‌ಶೈರಿನ ಸ್ಯಾಂಡ್‌ಟಾಫ್ಟ್ ಟ್ರಾಲಿಬಸ್ ಸಂಗ್ರಹಾಲಯದಲ್ಲಿ ಉಳಿದಿವೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ಒಂದು ಟ್ರಾಲಿಬಸ್ಸಿನ ಮೇಲಿನ ಅಂತಸ್ತಿನ ಮುಂದಿನ ಸೀಟು ಖಾಲಿಯಿತ್ತು. ಗಂಟೆ ಎರಡು ಸಲ ಬಾರಿಸಿತು. ಆಮೇಲೆ ಆ ಗುಂಯ್ ಎಂಬ ಸದ್ದು ನಿಧಾನವಾಗಿ ಮೇಲೇರಿತು.